ಎಣ್ಣೆ ಡಬ್ಬದ ಮುಂದೆ ಒಂದೂವರೆ ನಿಮಿಷ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಬಿ.ಎಸ್ಸಿ. ಮುಗಿಸಿದವರು. ಅದೂ ಫಿಸಿಕ್ಸಿನಲ್ಲಿ! ಆದರೂ ನೋಡಿ, ಎಣ್ಣೆ ಡಬ್ಬ ಇರುವುದು ಎಣ್ಣೆ ಹಾಕಿಡಲಿಕ್ಕೆ ಎಂಬ ವಿಷಯ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರ ಪ್ರಕಾರ ಹದಿನೈದು ಕೇಜಿಯ ಎಣ್ಣೆ ಡಬ್ಬ ಇರುವುದು ಮನುಷ್ಯರ ಫೋಟೋ ತೆಗೆಯಲಿಕ್ಕೆ.

ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ. ಆದರೆ ಆ ಡಬ್ಬಕ್ಕೆ ಬೆಸುಗೆ ಹಾಕಿದವನೇ ನಾನು, ಈಗ ನಂಬದೆ ಏನು ಮಾಡಲಿ?

ನನ್ನದು ಶಿಕಾರಿಪುರದಲ್ಲಿ ವೆಲ್ಡಿಂಗ್ ಅಂಗಡಿ. ನಮ್ಮದನ್ನು ನಾವೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಈ ಊರಿನ ಅರ್ಧ ಕಿಟಕಿಗಳಲ್ಲಿರುವುದು ನನ್ನ ಗ್ರಿಲ್ಲು. ಉಳಿದರ್ಧ ಕಿಟಕಿಗಳ ಗ್ರಿಲ್ಲು ಅಲುಗಾಡುತ್ತದೆ. ಭಾವನದು ಸೊರಬದಲ್ಲಿ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಎರಡು ತಾಲ್ಲೂಕು ಸುತ್ತಿದವರು. ನಾಲ್ಕು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದ ಹಾಗೆ, "ಈ ಡಿಜಿಟಲ್ ಫೋಟೋದಲ್ಲಿ ಜೀವ ಇಲ್ಲ" ಎಂದು ಮದುವೆ ಫೋಟೋ ತೆಗೆಯುವುದನ್ನೇ ಬಿಟ್ಟರು. ಮರುವಾರ ಖಾಲಿ ಎಣ್ಣೆ ಡಬ್ಬವೊಂದನ್ನು ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದಿಳಿದರು.

"ಮೇಸ್ತ್ರೀ, ಇದರ ಹಿಂದ್ಗಡೆ ಒಂದು ಬಾಗಿಲು ಬೇಕು, ಮುಂದ್ಗಡೆ ಒಂದು ತೂತು ಬೇಕು. ಆ ತೂತಿಗೊಂದು ಮುಚ್ಚಳ ಬೇಕು."

"ಎಷ್ಟು ಎಂ.ಎಂ. ತೂತು ಭಾವ?"

"ಸೂಜಿ ಮೊನೆಯಷ್ಟು."

"ಅಷ್ಟು ಸಣ್ಣ ತೂತಲ್ಲಿ ಎಣ್ಣೆ ಬರಲ್ಲ ಬಿಡ್ರಿ."

"ಎಣ್ಣೆ ಎಂತಕ್ಕೆ ಮಾರಾಯ್ರೆ? ಬೆಳಕು ಬರಬೇಕು!"

ಗೇಟಿಗೆ ಬೋಲ್ಟಿನ ತೂತು ಹೊಡೆಯುವ ಕೈ ನನ್ನದು. ಸೂಜಿಯಲ್ಲಿ ಏಳು ಸಲ ತೂತು ಮಾಡಿದೆ. ಏಳನ್ನೂ ಭೂತಗನ್ನಡಿಯಲ್ಲಿ ನೋಡಿ "ದುಂಡಗಿಲ್ಲ" ಎಂದರು. ಎಂಟನೆಯದು ಪಾಸಾಯಿತು. ನಾನು ಎಂಟನೇದು ಅಂತ ಪಾಸು ಮಾಡಿದ್ದು ಜೀವನದಲ್ಲಿ ಅದೊಂದೇ!

ಅದು ಕೆಲಸ ಮಾಡುವ ರೀತಿ ಬಹಳ ಸುಲಭ. ಡಬ್ಬದೊಳಗೆ ಕಪ್ಪು ಬಣ್ಣ. ಸ್ಟುಡಿಯೋದಲ್ಲಿ ಉಳಿದಿದ್ದ ಹಳೇ ಫೋಟೋ ಪೇಪರನ್ನು ಕತ್ತಲಲ್ಲಿ ಒಳಗೆ ಅಂಟಿಸಿ ಹಿಂದಿನ ಬಾಗಿಲು ಹಾಕುವುದು. ಡಬ್ಬವನ್ನು ಸ್ಟೂಲಿನ ಮೇಲಿಟ್ಟು, ಎದುರಿಗೆ ಮನುಷ್ಯನನ್ನು ಕೂರಿಸಿ ಮುಂದಿನ ಮುಚ್ಚಳ ತೆಗೆಯುವುದು. ಒಂದೂವರೆ ನಿಮಿಷ ಬಿಟ್ಟು ಮುಚ್ಚುವುದು. ಆ ಒಂದೂವರೆ ನಿಮಿಷ ಎದುರಿಗಿದ್ದವನು ಅಲ್ಲಾಡಬಾರದು. ಅಲ್ಲಾಡದವನು ಫೋಟೋದಲ್ಲಿ ಉಳಿಯುತ್ತಾನೆ, ಅಲ್ಲಾಡಿದವನು ಹೊಗೆಯಾಗಿ ಹೋಗುತ್ತಾನೆ.

ಡಬ್ಬದ ಮೇಲಿನ ಸೂರ್ಯಕಾಂತಿ ಹೂವಿನ ಚಿತ್ರವನ್ನು ಮಾತ್ರ ಭಾವ ಅಳಿಸಲು ಬಿಡಲಿಲ್ಲ. "ಚೆಂದ ಇದೆ, ಇರಲಿ" ಎಂದರು. ಅದರ ಫಲವನ್ನು ಜಡೆ ಎಂಬ ಊರಿನಲ್ಲಿ ಉಂಡರು. ನೆಂಟರ ಮನೆಯ ನಾಮಕರಣದಲ್ಲಿ ಎಂಬತ್ತು ದಾಟಿದ ಅಜ್ಜನೊಬ್ಬನನ್ನು ಹೇಗೋ ಒಪ್ಪಿಸಿ ಕೂರಿಸಿ ಫೋಟೋ ತೆಗೆದು, ಡಬ್ಬವನ್ನು ಪಡಸಾಲೆಯಲ್ಲಿಟ್ಟು ಕೈ ತೊಳೆಯಲು ಹೋಗಿದ್ದಾರೆ. ಅಡುಗೆ ಭಟ್ಟರು ಬಂದರು, ಹೂವಿನ ಚಿತ್ರ ನೋಡಿದರು, ಡಬ್ಬ ಒಲೆ ಹತ್ತಿರ ಒಯ್ದು ಹಿಂದಿನ ಬಾಗಿಲು ತೆರೆದು ಬಗ್ಗಿ ನೋಡಿದರು.

"ಏನ್ರೀ ಇದು, ಎಣ್ಣೆ ಬದ್ಲು ಕಾಗದ ಕಳ್ಸಿದಾರೆ!"

ಭಾವ ಓಡಿ ಬರುವಷ್ಟರಲ್ಲಿ ಬೆಳಕು ಬಿದ್ದು ಅಜ್ಜನ ಕಥೆ ಮುಗಿದಿತ್ತು. "ಅಜ್ಜನ್ನ ಕೊಂದ್ರಲ್ಲ ಭಟ್ರೆ!" ಎಂದು ಭಾವ ಅಡುಗೆಮನೆಯಲ್ಲಿ ಕೂಗಿದ್ದು ಚಪ್ಪರದವರೆಗೂ ಕೇಳಿ, ಹೆಂಗಸರೆಲ್ಲ ಗಾಬರಿಯಾಗಿ ಅಜ್ಜನನ್ನು ಹುಡುಕಿದರೆ ಅಜ್ಜ ಮೊದಲ ಪಂಕ್ತಿಯಲ್ಲಿ ಕೂತು ಎರಡನೇ ಹೋಳಿಗೆ ತಿನ್ನುತ್ತಿದ್ದ! ಕೊನೆಗೆ ಅಜ್ಜನನ್ನು ಮತ್ತೆ ಕೂರಿಸಿದರು. ಈ ಡಬ್ಬದ ಪೇಪರಿನಲ್ಲಿ ಮೊದಲು ಎಲ್ಲ ಉಲ್ಟಾ ಬರುತ್ತದೆ, ಕಪ್ಪಿದ್ದದ್ದು ಬಿಳಿ, ಬಿಳಿಯಿದ್ದದ್ದು ಕಪ್ಪು. ಅದರ ಮೇಲೆ ಇನ್ನೊಂದು ಪೇಪರಿಟ್ಟು ಸರಿ ಮಾಡಬೇಕು. ಅಜ್ಜ ತನ್ನ ಬೆಳ್ಳನೆ ಮೀಸೆ ಕಪ್ಪಗಾಗಿರುವುದನ್ನು ನೋಡಿದವನೇ, "ಇದೇ ಸಾಕು, ಇನ್ನೇನೂ ತಿದ್ದಬ್ಯಾಡ" ಎಂದು ಜೇಬಿಗೆ ಹಾಕಿಕೊಂಡು ಹೋದ.

ಇರಲಿ. ಇಷ್ಟಕ್ಕೂ ಈ ಡಬ್ಬಕ್ಕೂ ನನಗೂ ಏಕೆ ಗಂಟು ಬಿತ್ತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದಕ್ಕೆ ನನ್ನ ಮದುವೆಗೆ ಹೋಗಿ ಬರಬೇಕು.

ನಮ್ಮ ಮದುವೆಯ ಫೋಟೋ ತೆಗೆದವರು ಭಾವನೇ. ಆಗ ರೀಲು ಹಾಕುವ ಕ್ಯಾಮರಾ. ತಂಗಿಯ ಮದುವೆಯ ಸಂಭ್ರಮದಲ್ಲಿ ಮೊದಲನೇ ರೀಲು ಕ್ಯಾಮರಾದೊಳಗೆ ಸುತ್ತಿಕೊಂಡೇ ಇರಲಿಲ್ಲ, ಮುಹೂರ್ತದ್ದೆಲ್ಲ ಹೋಯಿತು. ಎರಡನೇ ರೀಲು ಸರಿಯಾಗಿ ಸುತ್ತಿಕೊಂಡಿತು, ಆದರೆ ಅಷ್ಟರಲ್ಲಿ ಕರೆಂಟು ಹೋಗಿ, ಜನರೇಟರು ಎರಡು ಸಲ ಕೆಮ್ಮಿ ನಿಂತಿತ್ತು. ಜನರೇಟರಿನವನು ಸ್ಪ್ಯಾನರು ಹಿಡಿದಿದ್ದ ರೀತಿ ನೋಡಿ ನನಗೆ ಮಂಟಪದಲ್ಲಿ ಕೂರಲು ಆಗಲಿಲ್ಲ. ನೀವೇ ಹೇಳಿ, ಕೆಲಸ ಗೊತ್ತಿದ್ದವನು ಕೂರುತ್ತಾನೆಯೇ? ಬಾಸಿಂಗ ಕಟ್ಟಿಕೊಂಡೇ ಎದ್ದು ಹೋದೆ. ಆಲ್ಬಮ್ಮಿನಲ್ಲಿ ನಾನಿರುವುದು ಒಂದೇ ಫೋಟೋದಲ್ಲಿ, ಅದರಲ್ಲೂ ಕಾಣುವುದು ನನ್ನ ಬೆನ್ನು, ನನ್ನ ಎದುರಿಗೆ ಜನರೇಟರು. ನೋಡಿದವರು ಇದರಲ್ಲಿ ಮದುಮಗಳು ಯಾರು ಎಂದು ಕೇಳುತ್ತಾರೆ!

ತಪ್ಪು ಯಾರದು ಎಂದು ನಾವಿಬ್ಬರೂ ಇವತ್ತಿನವರೆಗೂ ವಾದ ಮಾಡುತ್ತೇವೆ. ನೀವು ರೀಲು ಸುತ್ತಲಿಲ್ಲ ಎಂದು ನಾನು, ನೀವು ಜಾಗದಲ್ಲಿರಲಿಲ್ಲ ಎಂದು ಅವರು. ನನ್ನ ಹೆಂಡತಿಯ ತೀರ್ಪು ಮಾತ್ರ ಬೇರೆ.

"ಅಣ್ಣ ಫೋಟೋ ತೆಗ್ದ, ಗಂಡ ಜನರೇಟರ್ ರಿಪೇರಿ ಮಾಡ್ದ, ನಾನೊಬ್ಬಳೇ ಮದ್ವೆ ಆದೆ!"

ಕಳೆದ ವರ್ಷ ಅವಳು ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಹೇಳಿಬಿಟ್ಟಳು. "ಅಣ್ಣಾ, ಮದ್ವೆಯಾಗಿ ಇಪ್ಪತ್ತೈದು ವರ್ಷ ತುಂಬೋದ್ರೊಳಗೆ ನಮ್ಮಿಬ್ಬರ ಮುಖಾನೂ ಕಾಣೋ ಒಂದು ಫೋಟೋ ಬೇಕು. ನಿನ್ ಕೈಯಿಂದ್ಲೇ ಆಗ್ಬೇಕು. ಮೊಬೈಲ್ ಫೋಟೋ ನನ್ ಹತ್ರ ಬುಟ್ಟಿ ತುಂಬ ಇದಾವೆ, ಅವು ನಂಗೆ ಬ್ಯಾಡ. ಮದ್ವೆದು ಬಾಕಿ ಇದೆ, ಅದನ್ನ ಕೊಡು."

ಭಾವ ಒಂದೇ ಮಾತಲ್ಲಿ "ಆತು" ಎಂದರು. ನನ್ನನ್ನು ಯಾರೂ ಕೇಳಲಿಲ್ಲ.

ಮೊದಲ ಸಲ ಕೂತಾಗ ಎದುರಿನ ಬಾಗಿಲಿನ ಕೀಲು ಸಡಿಲವಾಗಿರುವುದು ಕಣ್ಣಿಗೆ ಬಿತ್ತು. ಎದ್ದು, ಸ್ಕ್ರೂ ಬಿಗಿ ಮಾಡಿ, ವಾಪಸು ಬಂದು ಕೂತೆ. ಬರೀ ಅರ್ಧ ನಿಮಿಷದ ಕೆಲಸ! ಫೋಟೋದಲ್ಲಿ ಹೆಂಡತಿ ದೇವಿಯ ಹಾಗೆ ಕೂತಿದ್ದಾಳೆ, ಪಕ್ಕದ ಕುರ್ಚಿಯಲ್ಲಿ ಒಂದಿಷ್ಟು ಹೊಗೆ. ಎರಡನೇ ಸಲ ಗೇಟಿನ ಗಿರಾಕಿ ಫೋನು ಮಾಡಿದ. ಮತ್ತೆ ಹೊಗೆ, ಈ ಸಲ ಸ್ವಲ್ಪ ಉದ್ದದ ಹೊಗೆ.

"ಮದ್ವೆ ಫೋಟೋದಲ್ಲಿ ಬೆನ್ನಾದ್ರೂ ಇತ್ತು" ಎಂದಳು ಹೆಂಡತಿ.

ಬೇರೆಯವರನ್ನು ಅಲ್ಲಾಡದ ಹಾಗೆ ಕೂರಿಸಲು ಭಾವ ಒಂದು ಉಪಾಯ ಮಾಡಿದ್ದರು. ಯಾರಿಗೂ ನಗಿ ಎನ್ನುವುದಿಲ್ಲ. "ನಿಮ್ಮ ಜಮೀನಿನ ಚಕ್ಕುಬಂದಿ ಮನಸ್ಸಲ್ಲೇ ಹೇಳ್ಕಳಿ. ಮೂಡಕ್ಕೆ ಯಾರ ಹೊಲ, ಪಡುವಕ್ಕೆ ಯಾರದ್ದು, ತೆಂಕಕ್ಕೆ ಎಂತ, ಬಡಗಕ್ಕೆ ಎಂತ. ಒಂದೂ ಬಿಡಬಾರ್ದು" ಎನ್ನುತ್ತಾರೆ. ಆಹಾ! ಅಷ್ಟು ಹೇಳಿದ್ದೇ ತಡ, ನಮ್ಮ ಕಡೆಯ ರೈತ ಕಲ್ಲಾಗುತ್ತಾನೆ. ನಾಲ್ಕು ದಿಕ್ಕಿನ ಬದು ಸುತ್ತಿ ಬರುವಷ್ಟರಲ್ಲಿ ಒಂದೂವರೆ ನಿಮಿಷ ಸರಿಯಾಗುತ್ತದೆ. ಮುಖದಲ್ಲಿ ಎಂಥಾ ಗಾಂಭೀರ್ಯ ಅಂತೀರಿ! ರಾಜರಿಗೂ ಬರದು.

ಈ ಉಪಾಯ ಕೈಕೊಟ್ಟದ್ದು ಅಂಜನಾಪುರದಲ್ಲಿ ಒಂದೇ ಸಲ. ಅಣ್ಣ ತಮ್ಮ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ಚಕ್ಕುಬಂದಿ ಹೇಳಿಕೊಳ್ಳಿ ಎಂದಿದ್ದಾರೆ. ಅಣ್ಣನ ಹೊಲದ ಪಡುವಕ್ಕೆ ತಮ್ಮನ ಹೊಲ, ತಮ್ಮನದರ ಮೂಡಕ್ಕೆ ಅಣ್ಣನದು. ನಡುವಿನ ಬದುವಿನದೇ ಜಗಳ! ಇಬ್ಬರೂ ಆ ಬದುವಿಗೆ ಸರಿಯಾಗಿ ಒಂದೇ ಹೊತ್ತಿಗೆ ಬಂದು ಮುಟ್ಟಿ, ತಟ್ಟನೆ ತಿರುಗಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದ್ದಾರೆ. ಫೋಟೋದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಮುಖ, ಮುಂದಕ್ಕೊಂದು, ಪಕ್ಕಕ್ಕೊಂದು. ಭಾವನಿಗೆ ಅದೇ ಹೆಮ್ಮೆ.

"ಆರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರ್ಲಿಲ್ವಂತೆ ಮೇಸ್ತ್ರೀ. ನನ್ನ ಡಬ್ಬ ನೋಡಿಸ್ತು!"

ನನಗೆ ಈ ಉಪಾಯ ನಡೆಯಲಿಲ್ಲ. ನನಗೆಲ್ಲಿಯ ಜಮೀನು? ಅಂಗಡಿಯದೇ ಹೇಳಿಕೊಳ್ಳಿ ಎಂದರು. ಒಂದು ಕಡೆ ಟೀ ಅಂಗಡಿ, ಇನ್ನೊಂದು ಕಡೆ ಟೈರ್ ಅಂಗಡಿ, ಮುಂದೆ ರಸ್ತೆ, ಹಿಂದೆ ಚರಂಡಿ. ಎಂಟು ಸೆಕೆಂಡಿಗೆ ಮುಗಿಯಿತು!

ಆಗ ಭಾವ ನನ್ನ ಸಲುವಾಗಿಯೇ ಒಂದು ಕುರ್ಚಿಗೆ ಆರ್ಡರ್ ಕೊಟ್ಟರು, ನನಗೇ! ಕುರ್ಚಿಯ ಬೆನ್ನಿನಿಂದ ಒಂದು ಕಬ್ಬಿಣದ ಸರಳು ಮೇಲೆ ಬಂದು, ತಲೆಯನ್ನು ಹಿಂದಿನಿಂದ ಲಾಳದ ಆಕಾರದಲ್ಲಿ ತಬ್ಬಿ ಹಿಡಿಯಬೇಕು. ನೂರು ವರ್ಷದ ಹಿಂದೆ ಫೋಟೋದವರು ಹೀಗೇ ಮಾಡುತ್ತಿದ್ದರಂತೆ. ಕೆಲಸ ಅಂದ ಮೇಲೆ ನಾನು ಅರೆಮನಸ್ಸಿನಲ್ಲಿ ಮಾಡುವವನಲ್ಲ. ಗಟ್ಟಿಯಾಗಿ ಮಾಡಿದೆ. ಅಂಗಡಿ ಮುಂದಿಟ್ಟರೆ ಇಬ್ಬರು ಬಂದು ಕ್ಷೌರಕ್ಕೆ ಕೂತರು, ಒಬ್ಬರು ಹಲ್ಲು ಕೀಳಿಸಲು ಬಂದರು. ನಾನು ಮಾತ್ರ ಅದರಲ್ಲಿ ಕೂರಲು ಒಪ್ಪಲಿಲ್ಲ. ಮಾಡಿದವನಿಗೆ ಗೊತ್ತಿರುತ್ತದೆ, ಅದರ ಗಟ್ಟಿತನ ಎಂಥದು ಎಂದು.

ಭಾವ ಸಿಟ್ಟಿನಿಂದ ಕುರ್ಚಿಯನ್ನು ಬಳ್ಳಿಗಾವಿಗೆ ಒಯ್ದರು. ಮಧ್ಯಾಹ್ನ ಫೋನು.

"ಮೇಸ್ತ್ರೀ, ಸ್ಪ್ಯಾನರ್ ತಗಂಡು ಒಂಚೂರು ಬರ್ತೀರಾ?"

"ಯಾಕ್ರೀ, ಏನಾಯ್ತು?"

"ಎಂತಿಲ್ಲ. ಇಲ್ಲೊಬ್ರು ಗೌಡ್ರ ತಲೆ ಹೋಗಿದೆ, ವಾಪಸ್ ಬರ್ತಿಲ್ಲ."

ಬೈಕ್ ಹತ್ತಿ ಓಡಿದೆ. ಹೋಗಿ ನೋಡಿದರೆ ಗೌಡರು ರುಮಾಲು ಸಮೇತ ಕುರ್ಚಿಗೆ ಸಿಕ್ಕಿಕೊಂಡು, ನೇರಕ್ಕೆ ನೋಡುತ್ತ ಕೂತಿದ್ದಾರೆ. ಅವರ ಹೆಂಡತಿ ಸಾಸರಿನಲ್ಲಿ ಚಹಾ ಕುಡಿಸುತ್ತಿದ್ದಾರೆ. ಸುತ್ತ ಅರ್ಧ ಊರು. "ಇವ್ರು ಹಿಂಗೆ ಒಂದು ತಾಸು ಮನ್ಯಾಗೆ ಕೂತಿದ್ದು ನಾ ನೋಡೇ ಇಲ್ಲ, ನಿಧಾನಕ್ಕೆ ಬಿಚ್ರಿ" ಎಂದರು ಆ ತಾಯಿ! ನಾಲ್ಕು ನಟ್ಟು ಬಿಚ್ಚಿ ಗೌಡರ ತಲೆಯನ್ನು ಗೌಡರಿಗೆ ಒಪ್ಪಿಸಿದೆ. ಭಾವನಿಗೆ ನಾಚಿಕೆಯಾಗಿರಬೇಕು ಎಂದುಕೊಂಡಿರಾ?

"ಅಷ್ಟೊತ್ತೂ ಒಂಚೂರೂ ಅಲ್ಲಾಡಿಲ್ಲ ಮಾರಾಯ್ರೆ! ಮೂರು ಫೋಟೋ ತೆಗ್ದೆ. ಎಂಥಾ ಚೆಂದ ಬಂದಿದಾವೆ!"

ಹೀಗೆ ನಗುತ್ತ ನಗುತ್ತ ವರ್ಷ ಕಳೆಯುತ್ತ ಬಂತು. ಇಪ್ಪತ್ತೈದು ತುಂಬಲು ನಾಲ್ಕೇ ದಿನ ಉಳಿದಿತ್ತು. ಭಾವ ಬೆಳಗಿನ ಬಸ್ಸಿಗೆ ಡಬ್ಬದೊಂದಿಗೆ ಬಂದರು. ಹಿತ್ತಲಲ್ಲಿ ಬಿಸಿಲು ಚೆನ್ನಾಗಿತ್ತು. ಗೋಡೆ ಮುಂದೆ ಎರಡು ಕುರ್ಚಿ ಹಾಕಿದೆವು. ಹೆಂಡತಿ ಸೆರಗು ಸರಿ ಮಾಡಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಈ ಸಲ ಎದ್ರೆ ಏಳ್ರಿ. ಇನ್ ನಾ ಕೇಳಲ್ಲ."

ಬೈದಿದ್ದರೆ ನಾನು ಖಂಡಿತ ಎದ್ದು ಹೋಗುತ್ತಿದ್ದೆ. ಬೈಯಲಿಲ್ಲ. ಅದಕ್ಕೇ ಕೂತೆ. ಭಾವ ಮುಚ್ಚಳ ತೆಗೆದರು. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿತು, ಏಳಲಿಲ್ಲ. ಜೇಬಿನಲ್ಲಿ ಫೋನು ನಡುಗಿತು, ಏಳಲಿಲ್ಲ. ಮೂಗಿನ ಮೇಲೆ ನೊಣ ಕೂತು ಕಾಲುಜ್ಜಿಕೊಂಡು ಹೋಯಿತು. ಐವತ್ತು ದಾಟುತ್ತಿರುವ ನನ್ನ ಜೀವನದಲ್ಲಿ ಎಚ್ಚರವಿದ್ದೂ ಒಂದೂವರೆ ನಿಮಿಷ ಸುಮ್ಮನೆ ಕೂತದ್ದು ಅದೇ ಮೊದಲು!

ಭಾವ ನಮ್ಮ ಬಚ್ಚಲುಮನೆಗೆ ಕೆಂಪು ಬಲ್ಬು ಹಾಕಿಕೊಂಡು, ಪೇಪರು ತೊಳೆಯಲು ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಹಸಿ ಪೇಪರನ್ನು ತಂಗಿಗೆ ಕೊಡದೆ ಕಟ್ಟೆಯ ಮೇಲಿಟ್ಟರು. ನಾನು ಹೋಗಿ ನೋಡಿದೆ. ನಾನು ಇಬ್ಬರಾಗಿದ್ದೆ. ಹೆಂಡತಿಯೂ ಇಬ್ಬರು. ಆದರೆ ನೋಡಿ, ನನ್ನ ಕಸುಬು ಅಳತೆಯದು. ಕುರ್ಚಿಯೂ ಎರಡೆರಡು, ಗೋಡೆಯ ಬಿರುಕೂ ಎರಡು!

ನನಗಾದ ಖುಷಿ ಕೇಳಬೇಡಿ. "ಸಿಕ್ಕಿಬಿದ್ರಲ್ಲ ಭಾವ! ಈ ಸಲ ನಾನು ಅಲ್ಲಾಡಿಲ್ಲ. ಗೋಡೆ ಎಲ್ಲಾದ್ರೂ ಎದ್ದು ಓಡಾಡ್ತದಾ? ಅಲ್ಲಾಡಿದ್ದು ನಿಮ್ಮ ಡಬ್ಬ!"

ಹೆಂಡತಿ ಚಹಾ ತಂದಳು. ಭಾವ ಲೋಟಕ್ಕೆ ಎರಡೂ ಕೈ ಹಾಕಿದರು. ಆದರೂ ಚಹಾ ಅಂಚು ದಾಟಿ ಅಂಗಿಯ ಮೇಲೆ ಚೆಲ್ಲಿತು. ನನ್ನ ನಗು ಅಲ್ಲೇ ನಿಂತುಹೋಯಿತು.

"ಕೈ ಸ್ವಲ್ಪ ನಡುಗ್ತದೆ ಮೇಸ್ತ್ರೀ," ಎಂದರು, ಅಂಗಿ ಒರೆಸಿಕೊಳ್ಳುತ್ತ. "ನಾಲ್ಕು ವರ್ಷ ಆತು. ಒಂದು ಮದ್ವೆ ಮನೆಯವರು ಪೂರಾ ಆಲ್ಬಮ್ ವಾಪಸ್ ತಂದಿಟ್ಟು ಹೋದ್ರು. ಕ್ಯಾಮರಾ ಹಿಡಿಯದು ಸಾಕು ಅಂತ ಮಾಡಿದೆ. ಈ ಡಬ್ಬ ಆದ್ರೆ ಹಿಡಿಯದೇ ಬ್ಯಾಡ, ಸ್ಟೂಲಿನ ಮೇಲೆ ಅದರಷ್ಟಕ್ಕೆ ಕೂತಿರ್ತದೆ. ಮುಚ್ಚಳ ತೆಗೆದ್ರೆ ಸಾಕಿತ್ತು. ಈಗ ಮುಚ್ಚಳ ತೆಗಿಯಕ್ಕೆ ಹೋದ್ರೂ ಡಬ್ಬ ಅಲ್ಲಾಡ್ತದೆ." ಆಮೇಲೆ ತಂಗಿಯ ಕಡೆ ತಿರುಗಿ, "ನಿಂದು ಬಾಕಿನೇ ಉಳಿತು ಅಂತ ಕಾಣ್ತದೆ" ಎಂದರು.

ಅವಳು ಅಣ್ಣನ ಕೈಯಿಂದ ಲೋಟ ತೆಗೆದುಕೊಂಡಳು.

ನಾಲ್ಕು ವರ್ಷ ಊರಿಗೆಲ್ಲ ಡಂಗುರ ಹೊಡೆದು ಭಾವನ ಹುಚ್ಚಿನ ಕಥೆ ಹೇಳಿದವನು ನಾನು. ಡಿಜಿಟಲ್ಲಿನಲ್ಲಿ ಜೀವ ಇಲ್ಲ ಎಂದದ್ದನ್ನು ಅನುಕರಣೆ ಮಾಡಿ ತೋರಿಸಿ ಟೀ ಅಂಗಡಿಯಲ್ಲಿ ನಗಿಸಿದವನೂ ನಾನೇ.

ಮರುದಿನ ಬೆಳಿಗ್ಗೆ ಗೇಟಿನ ಗಿರಾಕಿಗೆ ನಾಳೆ ಬನ್ನಿ ಎಂದೆ. ನಾಳೆ ಬನ್ನಿ ಎನ್ನುವ ಮಾತು ನನ್ನ ಅಂಗಡಿಯಲ್ಲಿ ಅವತ್ತೇ ಮೊದಲು ಹುಟ್ಟಿದ್ದು. ಪಕ್ಕದ ಟೈರ್ ಅಂಗಡಿಯಿಂದ ಹಳೇ ಸೈಕಲ್ಲಿನ ಬ್ರೇಕ್ ವೈರು ತಂದೆ. ಡಬ್ಬಕ್ಕೆ ತಾಗದ ಹಾಗೆ ಬೇರೆಯೇ ಒಂದು ಸ್ಟ್ಯಾಂಡು, ಅದಕ್ಕೆ ತೂತಿನ ಮುಂದೆ ಕಣ್ಣಿನ ರೆಪ್ಪೆಯ ಹಾಗೆ ಒಂದು ತಗಡು. ವೈರಿನ ಇನ್ನೊಂದು ತುದಿಗೆ ಹೊಲಿಗೆ ಮಷೀನಿನ ಹಾಗೆ ಒಂದು ಪೆಡಲು. ಕಾಲಲ್ಲಿ ಒತ್ತಿದರೆ ರೆಪ್ಪೆ ಮೇಲೇಳಬೇಕು, ಬಿಟ್ಟರೆ ಮುಚ್ಚಬೇಕು. ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸಿ ಮನೆಗೆ ಒಯ್ದೆ.

ಭಾವ ಬ್ಯಾಗು ಹಿಡಿದು ಊರಿಗೆ ಹೊರಟು ನಿಂತಿದ್ದರು.

"ಇದೆಂತ ಮಾರಾಯ್ರೆ?"

"ನಿನ್ನೆ ನೋಡ್ದೆ ಭಾವ. ನಾನು ಮಾಡಿದ್ದ ಮುಚ್ಚಳ ಸರಿ ಇರ್ಲಿಲ್ಲ. ಬಿಗಿ ಜಾಸ್ತಿ ಆಗಿತ್ತು, ಅದಕ್ಕೇ ಡಬ್ಬ ಅಲ್ಲಾಡಿದ್ದು. ತಪ್ಪು ನನ್ನ ಕೆಲಸದ್ದು."

ನನ್ನ ಕೆಲಸದಲ್ಲಿ ತಪ್ಪಿದೆ ಎಂದು ನಾನು ಯಾರ ಎದುರಿಗೂ ಹೇಳಿದವನಲ್ಲ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಹಾಗೇ ನಿಂತುಬಿಟ್ಟಳು. ಭಾವ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

"ನಿಮ್ಮ ಕೆಲಸದಲ್ಲಿ ತಪ್ಪಾ? ಅದನ್ನೊಂದು ಬೋರ್ಡ್ ಬರೆಸಿ ಅಂಗಡಿ ಮುಂದೆ ಹಾಕಿ, ಜನ ನೋಡ್ಲಿ" ಎಂದು ಬ್ಯಾಗು ಕೆಳಗಿಟ್ಟರು.

ಹಿತ್ತಲಲ್ಲಿ ಮತ್ತೆ ಕೂತೆವು. ಭಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪೆಡಲು ಒತ್ತಿದರು. ರೆಪ್ಪೆ ಮೇಲೆದ್ದಿತು. ಡಬ್ಬ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅರ್ಧ ನಿಮಿಷವಾಗಿರಬೇಕು, ಹೆಂಡತಿ ತುಟಿ ಅಲ್ಲಾಡಿಸದೆ, "ಉಸಿರಾಡ್ರಿ, ಆಮೇಲೆ ನಾನೊಬ್ಬಳೇ ಆಗ್ತೀನಿ" ಎಂದಳು. ನಾನು ಉಸಿರಾಡಿದೆ.

ಸಂಜೆಗೆ ಫೋಟೋ ಬಂತು. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂಗಿಗೆ ಕೊಟ್ಟರು. ಪೇಪರು ಗಾಳಿಗೆ ಸಿಕ್ಕಿದ ಎಲೆಯಂತೆ ನಡುಗುತ್ತಿತ್ತು. ಅದರೊಳಗೆ ನಾವಿಬ್ಬರೂ ನಿಶ್ಚಲವಾಗಿ ಕೂತಿದ್ದೆವು.

ಈಗ ನನ್ನ ಹತ್ತಿರ ಇರುವುದು ಇಷ್ಟು: ವೆಲ್ಡಿಂಗ್ ಮಷೀನು ಎರಡು, ಕಟಿಂಗ್ ಮಷೀನು ಒಂದು, ಡ್ರಿಲ್ಲು ಮೂರು, ಅದರಲ್ಲಿ ಕೆಟ್ಟದ್ದು ಒಂದು. ಬೈಕು ಒಂದು. ಹೆಂಡತಿ ಒಬ್ಬಳು. ಭಾವ ಒಬ್ಬರು. ಮದುವೆ ಫೋಟೋ ಒಂದು.